ಗೋಡೆಯ ಮೇಲಿನ ಹನ್ನೊಂದು ಮಂದಿ

ಒಂದು ಮನೆಯ ಮನಸ್ಸನ್ನು ಅರಿಯಬೇಕಾದರೆ ಮನೆಯವರ ಮಾತನ್ನು ಕೇಳುವುದಕ್ಕಿಂತ ಅವರ ಪಡಸಾಲೆಯ ಗೋಡೆಯನ್ನು ನೋಡುವುದು ಮೇಲು. ಮಾತನ್ನು ಬೇಕಾದಂತೆ ತಿರುಗಿಸಬಹುದು; ಮೊಳೆ ಹೊಡೆದು ತೂಗಹಾಕಿದ್ದನ್ನು ತಿರುಗಿಸುವುದು ಕಷ್ಟ. ನಮ್ಮ ಚಿಕ್ಕೋಡಿಯ ಸುತ್ತಿನ ಹಳೆಯ ಮನೆಗಳಲ್ಲಿ ಈ ಗೋಡೆಗೊಂದು ಶಾಸ್ತ್ರವೇ ಇತ್ತು. ನಡುವೆ ಮನೆದೇವರು. ಎಡಬಲಕ್ಕೆ ರವಿವರ್ಮನ ಲಕ್ಷ್ಮೀ ಸರಸ್ವತಿಯರು. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟವನ್ನು ತೆರೆದ ಮೇಲೆ ಆ ದೇವಿಯರು ಅರಮನೆಗಳಿಂದಿಳಿದು ಕಲ್ಲಚ್ಚಿನ ಹಾಳೆಯನ್ನೇರಿ ಹಳ್ಳಿಹಳ್ಳಿಗೂ ಬಂದರು. ಅಥಣಿಯ ಕಡೆಗೆ ಹೋದರೆ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳ ಪಟ. ನಿಪ್ಪಾಣಿಯ ಓಣಿಗಳಲ್ಲಿ ಒಂದು ಮನೆಯಲ್ಲಿ ಶಿವಾಜಿ ಮಹಾರಾಜರು, ಇನ್ನೊಂದರಲ್ಲಿ ಕೊಲ್ಲಾಪುರದ ಶಾಹೂ ಮಹಾರಾಜರು, ಮತ್ತೊಂದರಲ್ಲಿ ಬಾಬಾಸಾಹೇಬ ಅಂಬೇಡಕರರು. ಇವರೆಲ್ಲರ ಕೆಳಗೆ ಮನೆಯ ಹಿರಿಯರು: ತಲೆಗೆ ರುಮಾಲು, ಮೈಗೆ ಕೋಟು, ಕೈಯಲ್ಲಿ ಬೆತ್ತ, ಪಕ್ಕದಲ್ಲಿ ಸ್ಟುಡಿಯೋದವನ ಹೂದಾನಿ. ಎಲ್ಲಕ್ಕಿಂತ ಕೆಳಗೆ, ಕೈಗೆಟಕುವಂತೆ, ಕಿರಾಣಿ ಅಂಗಡಿಯ ಕ್ಯಾಲೆಂಡರು.

ಈ ಶಾಸ್ತ್ರದ ಮೂಲ ನಿಯಮ ಒಂದೇ. ಗೋಡೆಯ ಮೇಲೆ ಇರುವವರು ನಮಗೆ ಏನಾದರೂ ಆಗಬೇಕು. ದೇವರಾಗಬೇಕು, ಗುರುವಾಗಬೇಕು, ನಾಯಕರಾಗಬೇಕು, ಇಲ್ಲವೇ ರಕ್ತಸಂಬಂಧಿಗಳಾಗಬೇಕು. ಏನೂ ಆಗದವರಿಗೆ ಅಲ್ಲಿ ಎಡೆಯಿರಲಿಲ್ಲ.

ಈಚೆಗೆ ಆ ನಿಯಮ ಸಡಿಲಾಗಿದೆ. ಹೊಸ ಸಿಮೆಂಟಿನ ಮನೆಗಳಲ್ಲಿ ದೇವರಿಗೆ ಪ್ರತ್ಯೇಕ ಕೋಣೆಯಾಯಿತು. ಹಿರಿಯರು ಮೇಲಿನ ಅಂತಸ್ತಿಗೆ ಹೋದರು. ಪಡಸಾಲೆಯ ಗೋಡೆ ಬರಿದಾಗಿ ನಿಂತಿತು. ಬರಿಗೋಡೆಯನ್ನು ಕಂಡರೆ ಮನುಷ್ಯನಿಗೇಕೋ ಸಮಾಧಾನವಿಲ್ಲ. ಹೀಗೆ ತೆರವಾದ ಸ್ಥಳಕ್ಕೆ ಬಂದು ಕುಳಿತವರಲ್ಲಿ ಹನ್ನೊಂದು ಮಂದಿ ಅಮೇರಿಕದ ಕೂಲಿಕಾರರೂ ಸೇರಿದ್ದಾರೆಂದರೆ ಓದುಗರಿಗೆ ಆಶ್ಚರ್ಯವಾದೀತು. ಆದರೆ ಚಿತ್ರವನ್ನು ನೆನಪಿಸಿದರೆ ಅನೇಕರು ‘ಓ, ಅದೇ!’ ಎಂದಾರು. ಆಕಾಶದಲ್ಲಿ ಅಡ್ಡಲಾಗಿ ಒಂದು ಉಕ್ಕಿನ ತೊಲೆ. ಅದರ ಮೇಲೆ ಸಾಲಾಗಿ ಕುಳಿತು, ಕಾಲು ಇಳಿಬಿಟ್ಟು, ಮಧ್ಯಾಹ್ನದ ಊಟಕ್ಕೆ ಬಿಡುವು ಪಡೆದ ಹನ್ನೊಂದು ಗಂಡಸರು. ಒಬ್ಬ ಇನ್ನೊಬ್ಬನ ಸಿಗರೇಟಿಗೆ ಬೆಂಕಿ ಕೊಡುತ್ತಿದ್ದಾನೆ. ಬಲತುದಿಯವನ ಕೈಯಲ್ಲಿ ಸೀಸೆ. ಕೆಳಗೆ ಮಂಜಿನಲ್ಲಿ ಮುಳುಗಿದ ನ್ಯೂಯಾರ್ಕ್ ನಗರ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ನಿಪ್ಪಾಣಿಯ ಬಳಿಯ ಒಂದು ಉಪಾಹಾರಗೃಹದಲ್ಲಿ ಇದನ್ನು ಮೊದಲು ಕಂಡೆ. ಅನಂತರ ಅಥಣಿಯಲ್ಲಿ ಗುತ್ತಿಗೆದಾರ ಮಿತ್ರರೊಬ್ಬರ ಕಚೇರಿಯಲ್ಲಿ. ಆಮೇಲೆ ಕಾಗವಾಡದಲ್ಲಿ ಬೀಗರ ಹೊಸ ಮನೆಯಲ್ಲಿ. ಕಡೆಗೆ ಪುಣೆಯಲ್ಲಿ ನೌಕರಿಯಲ್ಲಿರುವ ನನ್ನ ಮಗನೇ ಮೂರು ಅಡಿ ಉದ್ದದ ಪ್ರತಿಯೊಂದನ್ನು ಕರಿಯ ಚೌಕಟ್ಟಿನಲ್ಲಿ ಕೂಡಿಸಿ ಚಿಕ್ಕೋಡಿಯ ನಮ್ಮ ಮನೆಗೆ ತಂದ.

ಚಿತ್ರದ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಇದನ್ನು ತೆಗೆದದ್ದು 1932ರ ಸೆಪ್ಟೆಂಬರ್ 20ರಂದು, ರಾಕ್‌ಫೆಲರ್ ಕೇಂದ್ರದಲ್ಲಿ ಏಳುತ್ತಿದ್ದ ಆರ್‌ಸಿಎ ಕಟ್ಟಡದ 69ನೆಯ ಅಂತಸ್ತಿನಲ್ಲಿ. ನೆಲದಿಂದ ಸುಮಾರು 850 ಅಡಿ ಎತ್ತರ. ನಮ್ಮ ಜೋಗದ 830 ಅಡಿಗಿಂತಲೂ ತುಸು ಹೆಚ್ಚು ಎಂದರೆ ಎದೆ ಝಲ್ಲೆನ್ನುವುದು. ಅಕ್ಟೋಬರ್ 2ರಂದು ‘ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್’ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಅದು ಅಚ್ಚಾಯಿತು. ಕೂಲಿಕಾರರು ನಿಜವಾದ ಕೂಲಿಕಾರರೇ, ಎತ್ತರವೂ ನಿಜವೇ. ಆದರೆ ಹಾಗೆ ಸಾಲಾಗಿ ಕುಳಿತದ್ದು ಕಟ್ಟಡದ ಪ್ರಚಾರಕ್ಕಾಗಿ. ಕಟ್ಟಡಕ್ಕೆ ಬಾಡಿಗೆದಾರರು ಬೇಕಾಗಿತ್ತು. ಅಮೇರಿಕದಲ್ಲಿ ಆಗ ಮಹಾ ಆರ್ಥಿಕ ಮುಗ್ಗಟ್ಟು. ಬೀದಿಯಲ್ಲಿ ನಿರುದ್ಯೋಗಿಗಳ ಸಾಲು. ತೊಲೆಯ ಮೇಲೆ ಕುಳಿತ ಹನ್ನೊಂದು ಜನರನ್ನು ‘ಬೀಳುವ ಭಯವಿಲ್ಲದ ಧೀರರು’ ಎಂದು ಹೊಗಳುವವರು ಒಂದನ್ನು ಮರೆಯುತ್ತಾರೆ: ಮೇಲೆ ಇರುವ ಭಯಕ್ಕಿಂತ ಕೆಳಗೆ ಕೆಲಸವಿಲ್ಲದೆ ನಿಲ್ಲುವ ಭಯ ದೊಡ್ಡದಿತ್ತು.

ತೆಗೆದವರು ಯಾರೆಂಬುದೂ ಇತ್ಯರ್ಥವಾಗಿಲ್ಲ. ಚಾರ್ಲ್ಸ್ ಎಬೆಟ್ಸ್ ಎಂಬವರ ಹೆಸರು ಕೆಲಕಾಲ ನಡೆಯಿತು. ಅಂದು ಮೇಲೆ ಬೇರೆ ಛಾಯಾಗ್ರಾಹಕರೂ ಇದ್ದರೆಂದು ತಿಳಿದ ಮೇಲೆ ಅದೂ ಸಂದೇಹಕ್ಕೊಳಗಾಯಿತು. ಕುಳಿತ ಹನ್ನೊಂದು ಜನರಲ್ಲಿ ಖಚಿತವಾಗಿ ಗುರುತು ಸಿಕ್ಕಿದ್ದು ಇಬ್ಬರದು, ಜೋಸೆಫ್ ಎಕ್ನರ್ ಮತ್ತು ಜೋ ಕರ್ಟಿಸ್. ಅದೂ 2012ರಲ್ಲಿ ಈ ಚಿತ್ರದ ಬಗೆಗೇ ಒಂದು ಸಾಕ್ಷ್ಯಚಿತ್ರವನ್ನು ಮಾಡಿದವರು ಹಳೆಯ ಕಡತಗಳನ್ನು ಕೆದಕಿದ ಮೇಲೆ. ತುದಿಯಲ್ಲಿರುವ ಇಬ್ಬರೂ ನಮ್ಮವರೇ ಎಂದು ಐರ್ಲೆಂಡಿನ ಒಂದು ಹಳ್ಳಿ ಹೇಳುತ್ತದೆ. ಸೀಸೆ ಹಿಡಿದವನು ನಮ್ಮವನು ಎಂದು ಸ್ಲೊವಾಕಿಯದ ಇನ್ನೊಂದು ಹಳ್ಳಿ ಹೇಳುತ್ತದೆ. ಲೋಕದ ಗೋಡೆಗಳ ಮೇಲೆಲ್ಲ ಇರುವ ಮನುಷ್ಯರಿಗೆ ಹೆಸರಿಲ್ಲ! ಆದರೆ ಅದಕ್ಕೇ ಅವರು ಎಲ್ಲ ಗೋಡೆಗಳಿಗೂ ಒಪ್ಪುತ್ತಾರೋ ಏನೋ.

ಮಗ ಪಟವನ್ನು ಪಡಸಾಲೆಯಲ್ಲಿ ತೂಗಹಾಕಿದ. ಮನೆಯವರೆಲ್ಲ ಮೆಚ್ಚಿದರು. ಸೋದರತ್ತೆಯೊಬ್ಬರು ಮಾತ್ರ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನಿಂತು ನೋಡಿದರು. ಎಂಬತ್ತರ ಹತ್ತಿರದ ಜೀವ. ನಮ್ಮ ಮನೆಯಲ್ಲಿ ಕಡೆಯ ಮಾತು ಅವರದು.

“ಇವರು ನಮಗ ಏನಾಗಬೇಕೋ ತಮ್ಮಾ?”

“ಏನೂ ಆಗಬೇಕಾಗಿಲ್ಲ ಆಯಿ. ಅಮೇರಿಕಾದಾಗ ದೊಡ್ಡ ಕಟ್ಟಡ ಕಟ್ಟಿದ ಕೂಲಿ ಮಂದಿ. ಛಂದ ಐತಿ ಅಂತ ಹಾಕೇನಿ.”

“ಛಂದ ಐತಿ ಖರೆ. ಬುತ್ತಿ ಬಿಚ್ಚ್ಯಾರ. ಈ ಬುತ್ತಿ ಕಟ್ಟಿಕೊಟ್ಟಾಕಿ ಎದಿ ಹೆಂಗಿದ್ದಿರಬೇಕು?” ಎಂದು ಅತ್ತೆ ಸುಮ್ಮನಾದರು. ಮತ್ತೆ ಕೇಳಿದರು: “ಅವತ್ತ ಸಂಜೀಕ ಹನ್ನೊಂದೂ ಮಂದಿ ಮನಿ ಮುಟ್ಟಿದ್ರೇನು?”

ಈ ಚಿತ್ರದ ಮೇಲೆ ಬಂದ ಬರಹಗಳನ್ನು ನಾನು ಸಾಕಷ್ಟು ಓದಿದ್ದೇನೆ. ಎತ್ತರ, ಧೈರ್ಯ, ನಗರದ ಬೆಳವಣಿಗೆ, ಛಾಯಾಗ್ರಾಹಕನ ಚಾತುರ್ಯ, ಎಲ್ಲವೂ ಅವುಗಳಲ್ಲಿವೆ. ಬುತ್ತಿ ಕಟ್ಟಿದವಳ ಮಾತು ಇಲ್ಲ.

ಆದರೆ ಆ ಕೆಲಸದ ಚರಿತ್ರೆಯಲ್ಲಿ ಬುತ್ತಿ ಕಟ್ಟಿದವರು ಒಮ್ಮೆ ಬಾಯಿಬಿಟ್ಟು ಮಾತಾಡಿದ್ದುಂಟು. ನ್ಯೂಯಾರ್ಕಿನ ಉಕ್ಕಿನ ಕೆಲಸಗಾರರಲ್ಲಿ ಐರಿಷರು, ಸ್ಕಾಂಡಿನೇವಿಯದವರು ಇದ್ದಂತೆ ಕೆನಡಾದ ಮಾಂಟ್ರಿಯಲ್ ಬಳಿಯ ಕಾನಾವಾಗೆ ಎಂಬ ಊರಿನ ಮೋಹಾಕ್ ಮೂಲನಿವಾಸಿಗಳೂ ಅನೇಕರಿದ್ದರು. 1907ರ ಆಗಸ್ಟ್ 29ರಂದು ಕ್ವೆಬೆಕ್‌ನಲ್ಲಿ ಕಟ್ಟುತ್ತಿದ್ದ ಸೇತುವೆ ಕುಸಿದು 75 ಜನ ಸತ್ತರು. ಅವರಲ್ಲಿ 33 ಜನ ಕಾನಾವಾಗೆಯವರೇ. ಒಂದೇ ಸಂಜೆ ಒಂದೇ ಊರಿಗೆ ಮೂವತ್ತಮೂರು ಸಾವಿನ ಸುದ್ದಿ. ಅವರ ಗೋರಿಗಳ ಮೇಲೆ ಉಕ್ಕಿನ ತೊಲೆಗಳಿಂದಲೇ ಮಾಡಿದ ಶಿಲುಬೆಗಳನ್ನು ನೆಟ್ಟರು. ಆಗ ಆ ಊರಿನ ಹೆಂಗಸರು ಒಂದು ಕಟ್ಟಳೆ ಮಾಡಿದರೆಂದು ಅಲ್ಲಿಯವರು ಹೇಳುತ್ತಾರೆ. ಕೆಲಸವನ್ನು ಬಿಡಿ ಎಂದು ಅವರು ಹೇಳಲಿಲ್ಲ; ಹೇಳಿದರೆ ಒಲೆ ಉರಿಯಬೇಕಲ್ಲ? ಇನ್ನು ಮೇಲೆ ಊರಿನ ಗಂಡಸರೆಲ್ಲ ಒಂದೇ ಕೆಲಸಕ್ಕೆ ಹೋಗಕೂಡದು, ಬೇರೆ ಬೇರೆ ಕಡೆಗೆ ಹಂಚಿಕೊಂಡು ಹೋಗಬೇಕು ಎಂದರು. ಇದನ್ನು ಅತ್ತೆಗೆ ಹೇಳಿದಾಗ ಅವರು, “ಶಾಣ್ಯಾ ಹೆಣ್ಮಕ್ಕಳು” ಎಂದಷ್ಟೇ ಅಂದರು.

ಗೋಡೆಗೆ ಇಂಥ ಚಿತ್ರವೇ ಬೇಕೆನ್ನುವವರಿಗೆ ನನ್ನ ಸಲಹೆಯೊಂದಿದೆ: ಹನ್ನೊಂದು ಜನರ ಪಟವನ್ನು ಬಿಟ್ಟು ಲೂಯಿಸ್ ಹೈನ್ ತೆಗೆದ ಚಿತ್ರಗಳನ್ನು ನೋಡಿರಿ. ಹೈನ್ ಮೊದಲು ಶಾಲಾಮಾಸ್ತರು. 1908ರಿಂದ ಅಮೇರಿಕದ ಗಿರಣಿಗಳಲ್ಲೂ ಗಣಿಗಳಲ್ಲೂ ದುಡಿಯುವ ಎಳೆಯ ಮಕ್ಕಳ ಚಿತ್ರ ತೆಗೆದು, ಬಾಲಕಾರ್ಮಿಕತೆಯ ವಿರುದ್ಧ ಜನರ ಕಣ್ಣು ತೆರೆಸಿದವರು. 1930ರಲ್ಲಿ, ಐವತ್ತಾರನೆಯ ವಯಸ್ಸಿನಲ್ಲಿ, ಎಂಪೈರ್ ಸ್ಟೇಟ್ ಕಟ್ಟಡದ ನಿರ್ಮಾಣದ ಚಿತ್ರ ತೆಗೆಯಲು ಅವರನ್ನು ಕರೆದರು. 102 ಅಂತಸ್ತಿನ ಆ ಕಟ್ಟಡ 1930ರ ಮಾರ್ಚ್‌ನಲ್ಲಿ ಆರಂಭವಾಗಿ 1931ರ ಮೇ 1ರಂದು ಉದ್ಘಾಟನೆಯಾಯಿತು. ಒಂದೊಂದು ದಿನ 3,400 ಜನ ಅಲ್ಲಿ ದುಡಿದದ್ದುಂಟು. ಅಧಿಕೃತ ಲೆಕ್ಕದಂತೆ ಸತ್ತವರು ಐವರು. ಹೈನ್ ಕೂಲಿಕಾರರ ಜತೆಗೆ ಅಂತಸ್ತು ಅಂತಸ್ತಾಗಿ ಮೇಲೇರಿದರು. ಕಟ್ಟಡದ ಹೊರಗೆ ಗಾಳಿಯಲ್ಲಿ ತೂಗುವ ತೊಟ್ಟಿಲಿನಲ್ಲಿ ನಿಂತು ಚಿತ್ರ ತೆಗೆದರು. ಅವರ ಚಿತ್ರಗಳಲ್ಲಿ ಜನ ಕುಳಿತಿಲ್ಲ, ದುಡಿಯುತ್ತಿದ್ದಾರೆ. ಉಕ್ಕಿನ ಮೊಳೆಯನ್ನು ಕೂಡಿಸುವುದಕ್ಕೆ ನಾಲ್ವರ ಒಂದು ತಂಡ. ಒಬ್ಬನು ಕುಲುಮೆಯಲ್ಲಿ ಮೊಳೆಯನ್ನು ಕೆಂಪಗೆ ಕಾಯಿಸಿ ಇಕ್ಕುಳದಿಂದ ಎಸೆಯುತ್ತಾನೆ; ಎರಡನೆಯವನು ಅದನ್ನು ಗಾಳಿಯಲ್ಲಿಯೇ ತಗಡಿನ ಡಬ್ಬಿಯಲ್ಲಿ ಹಿಡಿದು ತೂತಿಗಿಡುತ್ತಾನೆ; ಮೂರನೆಯವನು ಅದರ ತಲೆಯನ್ನು ಒತ್ತಿ ಹಿಡಿಯುತ್ತಾನೆ; ನಾಲ್ಕನೆಯವನು ಆಚೆಯಿಂದ ಬಡಿಯುತ್ತಾನೆ. ನಾಲ್ವರಲ್ಲಿ ಒಬ್ಬನಿಗೆ ಜ್ವರ ಬಂದರೆ ಉಳಿದ ಮೂವರಿಗೂ ಅಂದು ಕೈ ಕಟ್ಟಿದಂತೆ. ಈ ಹೈನ್ ಮಹಾಶಯರು ಕಡೆಗಾಲದಲ್ಲಿ ಬಡತನದಲ್ಲಿ ಬೆಂದು, ಮನೆಯನ್ನೂ ಕಳೆದುಕೊಂಡು 1940ರಲ್ಲಿ ತೀರಿಕೊಂಡರು. ಅವರು ತೆಗೆದ ಚಿತ್ರಗಳನ್ನು ಈಗ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ಜೋಪಾನವಾಗಿ ಇಟ್ಟಿದೆ.

ಕಪ್ಪುಬಿಳುಪಿನ ಚಿತ್ರಕ್ಕೆ ಸುಣ್ಣದ ಬಿಳಿಯ ಗೋಡೆ ಒಪ್ಪುತ್ತದೆ. ಹೂಬಳ್ಳಿಯ ಬಣ್ಣದ ಗೋಡೆ ಒಪ್ಪದು. ಕಿಟಕಿಗೆ ಎದುರಾಗಿ ಹಾಕಿದರೆ ಗಾಜಿನಲ್ಲಿ ಬೀದಿಯ ಎಮ್ಮೆಗಳು ಕಾಣುತ್ತವೆಯೇ ಹೊರತು ಚಿತ್ರ ಕಾಣದು. ಬಣ್ಣ ತುಂಬಿದ ಪ್ರತಿಗಳು ಮಾರಾಟಕ್ಕಿವೆ, ಕೊಳ್ಳಬೇಡಿ. ಅವುಗಳಲ್ಲಿ ಎಲ್ಲರ ಕೆನ್ನೆಯೂ ನಾಟಕದ ಪಾತ್ರದವರಂತೆ ಗುಲಾಬಿಯಾಗಿರುತ್ತದೆ. ಇನ್ನೊಂದು ಮಾತು, ಇದನ್ನು ಮಾತ್ರ ನಾನು ಒತ್ತಿ ಹೇಳುತ್ತೇನೆ: ಪಟದ ಕೆಳಗೆ ಸಣ್ಣ ಅಕ್ಷರದಲ್ಲಿ ಸ್ಥಳ, ವರ್ಷ, ಕೆಲಸ ಇವುಗಳನ್ನು ಬರೆಸಿರಿ. ಅದಿಲ್ಲದಿದ್ದರೆ ಬಂದವರು ‘ಸಿನಿಮಾದ ಚಿತ್ರವೇ?’ ಎಂದು ಕೇಳುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರು ಕೇಳಿಯಾಗಿದೆ.

ಅತ್ತೆಯ ಪ್ರಶ್ನೆಯಿಂದ ನನ್ನ ಮಗನಿಗೆ ಹೊಸದೊಂದು ಹುಚ್ಚು ಹಿಡಿಯಿತು. ನಮ್ಮ ಕಡೆಯ ದುಡಿಯುವ ಜನರ ಹಳೆಯ ಚಿತ್ರಗಳು ಸಿಕ್ಕಿದರೆ ಅವನ್ನೂ ಚೌಕಟ್ಟು ಹಾಕಿಸೋಣ ಎಂದು ಹುಡುಕತೊಡಗಿದ. ಸಿಗುವುದು ಸುಲಭವೇ? ವಿಧಾನಸೌಧದ ಚಿತ್ರವಿರುವ ಕ್ಯಾಲೆಂಡರುಗಳನ್ನು ನಾನೇ ಎಷ್ಟೋ ಕಂಡಿದ್ದೇನೆ. 1951ರಲ್ಲಿ ನೆಹರೂರವರು ಅಡಿಗಲ್ಲಿಟ್ಟು 1956ರಲ್ಲಿ ಮುಗಿದ ಆ ಕಟ್ಟಡಕ್ಕೆ ಸಾವಿರಾರು ಕಲ್ಲುಕುಟಿಗರೂ ಕೂಲಿಗಳೂ ಸೆರೆಮನೆಯ ಕೈದಿಗಳೂ ದುಡಿದರು. ಕ್ಯಾಲೆಂಡರಿನಲ್ಲಿ ಇರುವುದು ಗುಮ್ಮಟ, ಕಂಬ, ಮುಂದಿನ ಹೂದೋಟ. ದೂರವೇಕೆ, ಕಾಗವಾಡದ ಹತ್ತಿರ ಉಗಾರದ ಸಕ್ಕರೆ ಕಾರಖಾನೆಯ ಹಂಗಾಮು ಆರಂಭವಾಯಿತೆಂದರೆ ಮರಾಠವಾಡದ ಕಡೆಯಿಂದ ಕಬ್ಬು ಕಡಿಯುವವರು ಸಂಸಾರಸಮೇತ ಬರುತ್ತಾರೆ. ಕೃಷ್ಣೆಯ ದಂಡೆಯ ಹೊಲಗಳಲ್ಲಿ ಮಧ್ಯಾಹ್ನ ಕಾಲುವೆಯ ಏರಿಯ ಮೇಲೆ ಸಾಲಾಗಿ ಕುಳಿತು ಅವರು ಬುತ್ತಿ ಬಿಚ್ಚುವುದನ್ನು ನಾನು ಪ್ರತಿವರ್ಷ ಕಾಣುತ್ತೇನೆ. ಹನ್ನೊಂದಲ್ಲ, ಇಪ್ಪತ್ತು ಮೂವತ್ತು ಜನ. ನಡುನಡುವೆ ಸೆರಗಿನ ಮರೆಯಲ್ಲಿ ಹಸುಗೂಸು. ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಅವರ ಚಿತ್ರ ಯಾರ ಪಡಸಾಲೆಯಲ್ಲಿಯೂ ಕಾಣೆ. ದೂರದ ಬೆವರಿಗೆ ವಾಸನೆಯಿಲ್ಲ. ಆದ್ದರಿಂದ ಅದು ಗೋಡೆಗೆ ಬರುತ್ತದೆ.

ಮಗನ ಹುಡುಕಾಟದಲ್ಲಿ ಕಡೆಗೊಂದು ಸಿಕ್ಕಿತು. ಅದು ಪಟವಲ್ಲ, ಚಲನಚಿತ್ರ. ‘ಯುಗಾಂತರ’ ಎಂಬ ಹೆಣ್ಣುಮಕ್ಕಳ ಚಿತ್ರತಂಡ 1982ರಲ್ಲಿ ನಿಪ್ಪಾಣಿಯ ತಂಬಾಕು ಕಾರಖಾನೆಗಳ ಹೆಂಗಸರ ಮೇಲೆ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರವನ್ನು ಮಾಡಿತು. ದೀಪಾ ಧನರಾಜ್ ಆ ತಂಡದವರು. ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘದಲ್ಲಿ ಕೂಡಿ ಹೋರಾಡಿದ ಆ ಹೆಂಗಸರು ತಮ್ಮ ಕತೆಯನ್ನು ಕ್ಯಾಮರಾದ ಮುಂದೆ ತಾವೇ ನಡೆಸಿ ತೋರಿಸಿದ್ದಾರೆ.

ಇಲ್ಲಿ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳದೆ ಗತಿಯಿಲ್ಲ. ಅತ್ತೆ ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಮಳೆ ಕೈಕೊಟ್ಟು, ಹೊಲ ಒತ್ತೆಯಿದ್ದ ಕಾಲ. ಅವರು ನಿಪ್ಪಾಣಿಯಲ್ಲಿ ದೂರದ ಬಂಧುಗಳ ಮನೆಯಲ್ಲಿದ್ದುಕೊಂಡು ತಂಬಾಕಿನ ವಖಾರಿಯೊಂದರಲ್ಲಿ ಹನ್ನೊಂದು ವರ್ಷ ದುಡಿದರು. ಕಾಕಾಂದಿರಿಬ್ಬರ ಕಾಲೇಜು, ನನ್ನ ಶಾಲೆ, ಒತ್ತೆಯ ಹೊಲದ ಬಿಡುಗಡೆ, ಎಲ್ಲವೂ ಆ ಸಂಬಳದಿಂದ. ಆದರೆ ಅಜ್ಜನ ಕಾಲದಲ್ಲಿ ಯಾರಾದರೂ ವಿಚಾರಿಸಿದರೆ ಮನೆಯಲ್ಲಿ ಕೊಡುತ್ತಿದ್ದ ಉತ್ತರ, “ನಿಪ್ಪಾಣಿಯಾಗ ಹೊಲಿಗಿ ಕಲಸತಾಳ” ಎಂದು. ವಖಾರಿಯ ಕೂಲಿ ಎಂದರೆ ಮನೆತನದ ಮರ್ಯಾದೆಗೆ ಕುಂದು. ರುಮಾಲು ಕಟ್ಟಿ ಬೆತ್ತ ಹಿಡಿದು ಗೋಡೆಯ ಮೇಲೆ ಕುಳಿತಿರುವ ಅಜ್ಜ ಪ್ರತಿ ತಿಂಗಳೂ ಆ ಹಣವನ್ನು ಎಣಿಸಿ ತೆಗೆದುಕೊಂಡವರು. ಅವರ ಪಕ್ಕದಲ್ಲಿ ಅತ್ತೆಯ ಪಟ ಮಾತ್ರ ಇಂದಿಗೂ ಇಲ್ಲ. ಆ ಹನ್ನೊಂದು ವರ್ಷಗಳಲ್ಲಿ ತೆಗೆದ ಅವರ ಒಂದು ಚಿತ್ರವೂ ನಮ್ಮಲ್ಲಿಲ್ಲ. ಉಳಿದಿರುವ ಗುರುತೆಂದರೆ ಅವರ ಕೆಮ್ಮು.

ಮಗ ಚಿತ್ರವನ್ನು ತನ್ನ ಲ್ಯಾಪ್‌ಟಾಪಿನಲ್ಲಿ ಹಚ್ಚಿ ಅತ್ತೆಯ ಮುಂದಿಟ್ಟ. ತಂಬಾಕಿನ ಧೂಳಿನ ನಡುವೆ ಹೆಂಗಸರು ದುಡಿಯುವ ದೃಶ್ಯ ಬಂದಾಗ ಅವರು ಅರಿವಿಲ್ಲದೆಯೇ ಸೆರಗನ್ನು ಮೂಗಿಗೆ ಒತ್ತಿಕೊಂಡರು.

“ನಿಲ್ಲಸಪಾ ಅಲ್ಲೇ,” ಎಂದರು. ಬಹಳ ಹೊತ್ತು ನೋಡಿದರು. “ಖರೆ. ಧೂಳ ಹಿಂಗ ಏಳತಿತ್ತು.”

ಅವರು ಕೆಲಸ ಬಿಟ್ಟ ಮರುವರ್ಷ ತಯಾರಾದ ಚಿತ್ರವದು. ಗುರುತಿನ ಮುಖವೊಂದೂ ಸಿಗಲಿಲ್ಲ. ಅವರಿಗೆ ಅದರ ಚಿಂತೆಯೂ ಇದ್ದಂತಿರಲಿಲ್ಲ. ಹೆಂಗಸರು ಗುಂಪುಗೂಡಿ ಕೂಗುವುದನ್ನು ಕಂಡು, “ಇವರಿಗೆ ಫೋಟೋದಾಗ ಬರಾಕ ನಾಚಿಕಿ ಆಗಲಿಲ್ಲೇನು?” ಎಂದು ಕೇಳಿದರು. ಕೇಳಿದ ಧ್ವನಿಯಲ್ಲಿ ಆಕ್ಷೇಪವಿತ್ತೋ ಹೊಟ್ಟೆಕಿಚ್ಚಿತ್ತೋ ನನಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು.

ಮರುದಿನ ಅವರ ಅಪ್ಪಣೆಯಂತೆ ಹನ್ನೊಂದು ಜನರ ಪಟ ಪಡಸಾಲೆಯಿಂದ ಊಟದ ಮನೆಗೆ ಹೋಯಿತು. “ಉಣ್ಣೋ ಮಂದಿ ಉಣ್ಣೋ ಕಡೆ ಇರಲಿ,” ಎಂಬುದು ಅವರ ನ್ಯಾಯ. ಅಲಂಕಾರಶಾಸ್ತ್ರದ ಪ್ರಕಾರವೂ ಅದೇ ಸರಿಯೆಂದು ಈಗ ನನಗೆ ತೋರುತ್ತದೆ. ಪಡಸಾಲೆಯಲ್ಲಿ ಅದು ನಮ್ಮ ಅಭಿರುಚಿಯ ಜಾಹೀರಾತಾಗಿತ್ತು. ಇಲ್ಲಿ ನಮ್ಮ ಎದುರಿಗೆ ಕುಳಿತು ಉಣ್ಣುತ್ತದೆ.

ಮಳೆಗಾಲದಲ್ಲಿ ಮಾಳಿಗೆ ಸೋರಿತೆಂದು ನಮ್ಮ ಮನೆಯನ್ನು ಕಟ್ಟಿದ ಗೌಂಡಿಗಳನ್ನೇ ಕರೆಸಿದೆ. ರಾಯಬಾಗದ ಕಡೆಯವರು. ಕೆಲಸ ಮುಗಿಸಿ, ಅತ್ತೆಯ ಒತ್ತಾಯಕ್ಕೆ ಊಟದ ಮನೆಯಲ್ಲಿ ಕುಳಿತು ಚಹಾ ಕುಡಿಯುತ್ತ ಪಟವನ್ನು ನೋಡಿದರು. ಅವರ ಕಣ್ಣು ಎತ್ತರವನ್ನು ನೋಡಲಿಲ್ಲ, ನಗರವನ್ನೂ ನೋಡಲಿಲ್ಲ.

“ಹಗ್ಗ ಇಲ್ಲ, ಬೆಲ್ಟ ಇಲ್ಲ, ಕೆಳಗ ಜಾಳಿಗಿ ಇಲ್ಲ. ಇವರ ಗುತ್ತಿಗೆದಾರ ಯಾಂವ್ರೀ?”

ನನ್ನ ಮಗನಿಗೆ ಇದಕ್ಕಿಂತ ಬೇರೆ ಅವಕಾಶ ಬೇಕೆ? ‘ನಿಮ್ಮದೂ ಇಂಥದೊಂದು ಚಿತ್ರ ತೆಗೆಯುತ್ತೇನೆ, ಮಾಳಿಗೆಯ ಅಂಚಿನಲ್ಲಿ ಕರಣೆ ಹಿಡಿದು ಕುಳಿತುಕೊಳ್ಳಿ’ ಎಂದು ದುಂಬಾಲು ಬಿದ್ದ. ಗೌಂಡಿಗಳು ಚಿತ್ರಕ್ಕೆ ಒಪ್ಪಿದರು, ಕರಣೆಗೆ ಒಪ್ಪಲಿಲ್ಲ. ಬಚ್ಚಲಿಗೆ ಹೋಗಿ ಸಿಮೆಂಟು ಹೋಗುವಂತೆ ಕೈಕಾಲು ತೊಳೆದು, ತಲೆ ಬಾಚಿ, ಚೀಲದಲ್ಲಿದ್ದ ಬಿಳಿಯ ಅಂಗಿಯನ್ನು ತೊಟ್ಟುಕೊಂಡು, ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು.

“ಕರಣಿ ಹಿಡಕೋರಿ ಮಾಮಾ, ಅದರಾಗ ಖರೆ ಛಂದ ಐತಿ,” ಎಂದ ಮಗ.

“ಬ್ಯಾಡ್ರೀ. ಮಗಳಿಗೆ ವರ ನೋಡಾಕತ್ತೇನಿ. ಬೀಗರಿಗೆ ತೋರಸೋ ಫೋಟೋ.” ಅವರು ನಕ್ಕು ಊಟದ ಮನೆಯ ಕಡೆಗೆ ಗದ್ದವೆತ್ತಿದರು. “ಆ ಹನ್ನೊಂದು ಮಂದೀನೂ ಬೀಗರಿಗೆ ಅದ ಫೋಟೋ ಕಳಿಸಿದ್ರೇನ್ರೀ?”

ಹೊಸ್ತಿಲಲ್ಲಿ ನಿಂತಿದ್ದ ಅತ್ತೆ, “ಅವರು ಹೇಳೂದು ಖರೆ ಐತಿ, ತಗಿಯೋ ಹಂಗ,” ಎಂದರು.

ಮಗ ತೆಗೆದ. ಬಿಳಿಯ ಅಂಗಿ, ಮೊಣಕಾಲ ಮೇಲೆ ಎರಡೂ ಕೈ, ನೆಟ್ಟಗಿನ ದೃಷ್ಟಿ. ಹಿಂದೆ ಅವರೇ ಗಿಲಾಯ ಮಾಡಿದ ನಮ್ಮ ಗೋಡೆ. ನಿಪ್ಪಾಣಿಯ ಸ್ಟುಡಿಯೋಕ್ಕೆ ಎರಡು ಪ್ರತಿಗೆ ಕೊಟ್ಟೆವು. ಸ್ಟುಡಿಯೋದವನು ಕೇಳದೆಯೇ ಗೋಡೆಯನ್ನು ಅಳಿಸಿ ಅದರ ಸ್ಥಳದಲ್ಲಿ ಒಂದು ಗುಲಾಬಿಯ ತೋಟವನ್ನೂ ಕಾರಂಜಿಯನ್ನೂ ಇಟ್ಟುಕೊಟ್ಟ. ಮಗ ಕೂಗಾಡಿದ. ಗೌಂಡಿಗಳಿಗೆ ಅದು ಬಹಳ ಹಿಡಿಸಿತು. ಎರಡೂ ಪ್ರತಿಗಳನ್ನು ಅವರೇ ತೆಗೆದುಕೊಂಡು ಹೋದರು.